ಮುದಿ ಗಾಡಿ ಓಟ ಮತ್ತು ನನ್ನ ಗಂಟಲು

ಮೈಕು ಕಂಡರೆ ಗಂಟಲು ಸರಿಮಾಡಿಕೊಳ್ಳುವುದು ನನ್ನ ಹಳೆಯ ಚಾಳಿ. ಎದುರಿಗಿರುವುದು ಮೈಕೇ ಆಗಬೇಕೆಂದೇನಿಲ್ಲ, ಉದ್ದಕ್ಕೆ ನೆಟ್ಟಗೆ ನಿಂತ ಯಾವ ವಸ್ತುವಾದರೂ ಸಾಕು. ಮೊನ್ನೆ ಅಡಿಗೆಮನೆಯಲ್ಲಿ ಗೋಡೆಗೆ ಆನಿಸಿಟ್ಟ ಕಡಗೋಲು ಕಂಡು ‘ಹ್ಞಂ, ಹ್ಞಂ’ ಅಂದೆನಂತೆ. ನನ್ನ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಮಂದಿ ಇನ್ನೂ ಬಂದಿಲ್ಲರಿ, ಸ್ವಲ್ಪ ತಡೀರಿ" ಅಂದಳು. ಮೊದಲಾದರೆ ಇಬ್ಬರೂ ನಗುತ್ತಿದ್ದೆವು. ಈಗ ಅವಳು ಅಷ್ಟಂದು ಮತ್ತೆ ರೊಟ್ಟಿ ಬಡಿಯತೊಡಗಿದಳು, ನಾನು ಪೇಪರು ಹುಡುಕುವ ನೆವ ಮಾಡಿ ಪಡಸಾಲೆಗೆ ಬಂದೆ.

ಈ ಗಂಟಲಿನ ಚರಿತ್ರೆ ಸುರುವಾದದ್ದು ಕೆರೂರಿನ ಸಂತೆಯಲ್ಲಿ. ಬಿ.ಎಡ್. ಮುಗಿಸಿ ನೌಕರಿಯ ದಾರಿ ಕಾಯುತ್ತ ಅಲ್ಲಿ ಸೋದರಮಾವನ ಮನೆಯಲ್ಲಿದ್ದೆ. ಒಂದು ಸಂತೆಯ ದಿನ ಯಾರದೋ ಎಮ್ಮೆ ಕಳೆಯಿತು. ಮೈಕಿನವನು ಊಟಕ್ಕೆ ಹೋಗಿದ್ದ. ಮಾವ ನನ್ನನ್ನು ಮುಂದೆ ನೂಕಿದ. ‘ನಿಶೆಯಂಥ ಮೈಬಣ್ಣದ, ಬಾಗಿದ ಕೊಂಬಿನ, ತಾಯಿಯಂಥ ಕಣ್ಣಿನ ಎಮ್ಮೆ’ ಎಂದು ನಾನು ಎಷ್ಟು ಚೆಂದ ಬಣ್ಣಿಸಿದೆನೆಂದರೆ, ಕಳಕೊಂಡವನು ಇದು ತನ್ನದಲ್ಲವೆಂದು ಹೊರಟುಹೋದ. ಕಳಕೊಳ್ಳದ ಮೂವರು ಬಂದು ಅದು ತಮ್ಮದೇ ಎಂದರು. ಅವತ್ತು ನನಗೆ ಒಂದು ತಿಳಿವಳಿಕೆ ಬರಬೇಕಿತ್ತು, ಚೆಂದಾಗಿ ಹೇಳುವುದಕ್ಕೂ ಖರೆ ಹೇಳುವುದಕ್ಕೂ ನಡುವೆ ಅಂತರವಿದೆ ಅಂತ. ಬರಲಿಲ್ಲ. ಮಂದಿ ಚಪ್ಪಾಳೆ ಹೊಡೆದರು ಅನ್ನುವುದಷ್ಟೇ ತಲೆಯಲ್ಲಿ ಉಳಿಯಿತು.

ಮುಂದೆ ಬಾಗಲಕೋಟೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರನಾದೆ. ಸನ್ಮಾನ, ಬೀಳ್ಕೊಡುಗೆ, ಶ್ರದ್ಧಾಂಜಲಿ, ಎಲ್ಲದಕ್ಕೂ ನಾನೇ. ಕೆಲವು ವರ್ಷಗಳಿಂದ ನವನಗರದಲ್ಲಿ ವರ್ಷಕ್ಕೊಮ್ಮೆ ಹಳೆಯ ಕಾರುಗಳ ಓಟ ನಡೆಯುತ್ತದೆ, ಅದಕ್ಕೂ ನಾನೇ. ಕರಪತ್ರದಲ್ಲಿ ಅದರ ಹೆಸರು ಎರಡು ಸಾಲು ಉದ್ದ ಇರುತ್ತದೆ. ಊರಿನ ಮಂದಿ ಅದನ್ನು ‘ಮುದಿ ಗಾಡಿ ಓಟ’ ಅನ್ನುತ್ತಾರೆ. ಹಳೆಯ ಊರಿನ ಓಣಿಗಳು ಅರ್ಧ ಅಣೆಕಟ್ಟಿನ ಹಿನ್ನೀರಿನಡಿ ಹೋಗಿವೆ, ಉಳಿದ ಅರ್ಧದಲ್ಲಿ ಎರಡು ಸೈಕಲ್ಲು ಎದುರುಬದುರಾದರೆ ಒಂದು ಹಿಂದೆ ಸರಿಯಬೇಕು. ಮನೆ ಮುಳುಗಿದವರಿಗಾಗಿ ಕಟ್ಟಿದ ನವನಗರದ ಸೆಕ್ಟರ್ ರಸ್ತೆಗಳು ಮಾತ್ರ ಅಗಲ, ನೆಟ್ಟಗೆ. ಹೀಗಾಗಿ ನನಗಿಂತ ವಯಸ್ಸಿನಲ್ಲಿ ಸಣ್ಣದಾದ ಊರೊಳಗೆ, ನನಗಿಂತ ದೊಡ್ಡ ವಯಸ್ಸಿನ ಕಾರುಗಳು ಓಡುತ್ತವೆ. ಒಂದು ಸಲಕ್ಕೆ ಎರಡೆರಡು ಗಾಡಿ. ತಿರುವಿನಲ್ಲಿ ಗುದ್ದಿದರೆ ಪೆಟ್ಟಾಗದಿರಲಿ ಎಂದು ಜೋಳದ ಕಣಿಕಿಯ ಸಿವುಡುಗಳನ್ನು ಸಾಲಾಗಿ ಒಟ್ಟಿರುತ್ತಾರೆ. ಓಟ ಸುರುವಾಗುವುದರೊಳಗೆ ಸೆಕ್ಟರಿನ ದನಗಳು ಬಂದು ಒಂದು ತಿರುವು ತಿಂದು ಮುಗಿಸಿರುತ್ತವೆ. ಪುಣೆ, ಹುಬ್ಬಳ್ಳಿ ಕಡೆಯಿಂದ ಟೊಪ್ಪಿಗೆ ಹಾಕಿಕೊಂಡ ದೊಡ್ಡ ಮಂದಿ ಬರುತ್ತಾರೆ. ನಾನು ಎತ್ತರದ ಅಟ್ಟಣಿಗೆಯ ಮೇಲೆ ನಿಂತು, ಎಂಜಿನ್ನಿನ ಬಗ್ಗೆ ಎಳ್ಳಷ್ಟೂ ಗೊತ್ತಿಲ್ಲದೆ, ‘ಇದೋ ಬಂತು ಕಾಲಚಕ್ರವನ್ನೇ ಹಿಂದಿಕ್ಕಿದ ರಥ’ ಎಂದೆಲ್ಲ ಕೂಗುತ್ತೇನೆ.

ಗೊತ್ತಿದ್ದವನು ಕೆಳಗಿರುತ್ತಿದ್ದ. ಅವನ ಹೆಸರು ರಾಜೇಸಾಬ.

ಇಳಕಲ್ಲಿನಲ್ಲಿ ನಮ್ಮ ಮನೆಗೂ ರಾಜೇಸಾಬನ ಮನೆಗೂ ನಡುವೆ ಒಂದೇ ಗೋಡೆ. ನಮ್ಮಪ್ಪ ಸಾಲಿ ಮಾಸ್ತರ. ಅವನ ಅಪ್ಪ ಹುಸೇನಸಾಬ ಕಾಕಾ ಟ್ಯಾಕ್ಸಿ ಇಟ್ಟಿದ್ದ. ಬಿಳಿ ಅಂಬಾಸಿಡರ್. ದಿನಾ ಮುಂಜಾನೆ ಇಳಕಲ್ಲು ಬಿಟ್ಟು ಹುನಗುಂದ, ಅಮೀನಗಡ, ಕಮತಗಿ ದಾಟಿ ಬಾಗಲಕೋಟೆ, ಸಂಜೆಗೆ ವಾಪಸ್ಸು. ಹುಸೇನಸಾಬನ ಗಾಡಿಯಲ್ಲಿ ಹದಿಮೂರು ಮಂದಿ ಕೂತ ಮೇಲೂ ಹದಿನಾಲ್ಕನೆಯವನಿಗೆ ಜಾಗವಿರುತ್ತದೆ ಎಂಬುದು ಆ ದಾರಿಯುದ್ದಕ್ಕೂ ಪ್ರಸಿದ್ಧವಾಗಿತ್ತು. ಆ ಹದಿನಾಲ್ಕನೆಯವನು ಹತ್ತಿದ ಕೂಡಲೇ ಕಾಕಾನ ಬಲಭಾಗ ಅರ್ಧ ಕಿಟಕಿಯ ಹೊರಗೆ ಹೋಗುತ್ತಿತ್ತು. ಸಾಲಿಗೆ ಸೂಟಿ ಇದ್ದಾಗ ನಮ್ಮಿಬ್ಬರನ್ನೂ ಮುಂದಿನ ಸೀಟಿನಲ್ಲಿ ತುರುಕಿಕೊಂಡು ಒಯ್ಯುತ್ತಿದ್ದ. ಅಮೀನಗಡದಲ್ಲಿ ಗಾಡಿ ನಿಂತಾಗ ಕೈಗೊಂದೊಂದು ತುಂಡು ಕರದಂಟು. ಅದರ ಅಂಟು ಹಲ್ಲಿಗೆ ಮೆತ್ತಿಕೊಂಡರೆ ಕಮತಗಿ ಬರುವ ತನಕ ಇಬ್ಬರದೂ ಬಾಯಿ ಬಂದ್. ಕಾಕಾ ಅದಕ್ಕೇ ಕೊಡಿಸುತ್ತಿದ್ದ ಅನ್ನುವುದು ನನಗೆ ಹೊಳೆದದ್ದು ನಾನೂ ಮಕ್ಕಳ ತಂದೆಯಾದ ಮೇಲೆ.

ಆಗ ಆ ಗಾಡಿಯನ್ನು ಮುಂದಿನಿಂದ ಹ್ಯಾಂಡಲ್ ಹಾಕಿ ತಿರುವಿ ಚಾಲೂ ಮಾಡಬೇಕಿತ್ತು. ಮುಟ್ಟಬಾರದೆಂದು ಕಾಕಾನ ಕಟ್ಟಪ್ಪಣೆ. ಒಂದು ದಿನ ಅವನು ಊಟಕ್ಕೆ ಕೂತಾಗ ನಾನು ತಿರುವಿದೆ. ಹ್ಯಾಂಡಲ್ ಒದ್ದು ಹಿಂದೆ ಬಂದು ನನ್ನ ಮುಂಗೈಗೆ ಬಡಿಯಿತು. ಅಳು ಕೇಳಿ ಕಾಕಾ ಎಂಜಲಗೈಯಲ್ಲೇ ಓಡಿಬಂದ. ಯಾರು ಮುಟ್ಟಿದ್ದು ಅಂತ ಕೇಳಿದಾಗ ರಾಜೇಸಾಬ, ನಾನೇ ತಿರುವಿದೆ, ಗುರು ಬಿಡಿಸಲಿಕ್ಕೆ ಬಂದ ಅಂದುಬಿಟ್ಟ. ಗುರು ಅಂದರೆ ನಾನೇ. ಅವನಿಗೆ ಏಟು ಬಿದ್ದವು. ನನಗೆ ಅವರವ್ವ ಅರಿಷಿಣ ಹಾಕಿದ ಹಾಲು ಕುಡಿಸಿದಳು. ಹಾಲು ಕುಡಿಯುತ್ತ ನಾನು ಸುಮ್ಮನೆ ಕೂತಿದ್ದೆ. ಸುಮ್ಮನಿರುವ ಕಲೆಯನ್ನೂ ಸಣ್ಣಂದಿನಿಂದಲೇ ಬಲ್ಲೆ ಅನ್ನುವುದಕ್ಕೆ ಈ ಮಾತು ಬಂತು.

ಮುಂದೆ ಪೆಟ್ರೋಲು ತುಟ್ಟಿಯಾಗಿ ಕಾಕಾ ಗಾಡಿಗೆ ಡೀಸೆಲ್ ಎಂಜಿನ್ ಕೂಡಿಸಿದ. ನನಗೆ ನೌಕರಿಯ ಆರ್ಡರು ಬಂದಾಗ, ಮಾಸ್ತರನಾಗುವವನು ಟ್ರಂಕು ಹೊತ್ತು ಬಸ್ಸಿನಲ್ಲಿ ನಿಂತು ಹೋಗಬಾರದೆಂದು ಅದೇ ಗಾಡಿಯಲ್ಲಿ ಸಾಲಿಯ ಬಾಗಿಲ ತನಕ ತಂದುಬಿಟ್ಟ. ರಾಜೇಸಾಬ ಇಳಕಲ್ಲಿನಲ್ಲೇ ಗ್ಯಾರೇಜು ಹಾಕಿದ. ಜತೆಗೆ ಒಂದು ಹಳೆಯ ಲೇತು ಮಶೀನು. ಪೇಟೆಯಲ್ಲಿ ಸಿಗದ ಯಾವುದೇ ಬಿಡಿಭಾಗವನ್ನು ಅದರ ಮೇಲೆ ಕೊರೆದು ಕೊಡುತ್ತಿದ್ದ. ಮುದಿ ಗಾಡಿ ಓಟ ಸುರುವಾದ ಮೇಲೆ ನಾನೇ ಅವನ ಹೆಸರು ನಾಲ್ಕು ಮಂದಿಗೆ ಹೇಳಿದ್ದು. ವಿಲಾಯತಿ ಗಾಡಿಗಳಿಗೆ ಸಾಮಾನು ಎಲ್ಲಿ ಸಿಗಬೇಕು? ಎರಡು ಮೂರು ವರ್ಷಗಳಲ್ಲಿ ಅಲ್ಲಿ ಓಡುವ ಗಾಡಿಗಳ ಪೈಕಿ ರಾಜೇಸಾಬನ ಕೈ ಹತ್ತದ್ದು ಒಂದೂ ಉಳಿಯಲಿಲ್ಲ. ಓಟದ ಸಮಿತಿಯ ಅಧ್ಯಕ್ಷರದು ಕೆನೆಬಣ್ಣದ ತೆರೆದ ಗಾಡಿ. ಅದಕ್ಕೆ ಟ್ರ್ಯಾಕ್ಟರಿನ ನೀರಿನ ಪಂಪನ್ನು ಅವನು ಕೂಡಿಸುವಾಗ, ಅದರ ಹಿತ್ತಾಳೆ ಬುಶ್ಶು ಕೊರೆಯುವಾಗ, ನಾನು ಅಲ್ಲೇ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದೆ.

ಅಂಬಾಸಿಡರು ಅಷ್ಟೊತ್ತಿಗೆ ಬಾಡಿಗೆ ಬಿಟ್ಟು ಅಂಗಳ ಸೇರಿತ್ತು. ಕಾಕಾನಿಗೆ ಎಂಬತ್ತು ದಾಟಿತ್ತು, ಕಿವಿ ಪೂರಾ ಮಂದ, ಹತ್ತಿರ ಬಾಯಿಟ್ಟು ಕೂಗಿದರಷ್ಟೇ ಕೇಳುತ್ತಿತ್ತು. ದಿನಾ ಸಂಜೆ ಗಾಡಿಯಲ್ಲಿ ಸ್ಟೇರಿಂಗು ಹಿಡಿದು ಅರ್ಧ ತಾಸು ಕೂತು ಇಳಿಯುತ್ತಿದ್ದ. ಹೋದ ಸಲದ ಓಟಕ್ಕೆ ತಿಂಗಳೊಪ್ಪತ್ತು ಇರುವಾಗ ರಾಜೇಸಾಬ ಬಾಗಲಕೋಟೆಗೆ ನಮ್ಮ ಮನೆಗೆ ಬಂದ. ಅವನು ಏನನ್ನೂ ಕೇಳುವ ಮನುಷ್ಯನಲ್ಲ. ಬಹಳ ಹೊತ್ತು ಅದೂ ಇದೂ ಮಾತಾಡಿ ಏಳುವಾಗ ಹೇಳಿದ.

"ನಮ್ಮ ಗಾಡೀನೂ ಓಡಿಸೂಣೇನಲೇ, ಗುರ್ಯಾ? ಗೆಲ್ಲಾಕಲ್ಲ. ಅಪ್ಪ ಮುಂದ ಕುಂತು ಒಂದು ಸುತ್ತ ಹಾಕಿದರ ಸಾಕಂತಾನ."

ನಾನು ಎದೆ ಉಬ್ಬಿಸಿ, ನನ್ನ ಮ್ಯಾಲೆ ಬಿಡು, ಮೈಕು ಹಿಡಿಯುವವನೇ ನಾನು ಅಂದೆ. ಫಾರ್ಮು ನಾನೇ ಕೊಟ್ಟೆ. ಅವನು ತನ್ನ ಗುಂಡನೆಯ ಅಕ್ಷರದಲ್ಲಿ ತುಂಬಿದ. ‘ಎಂಜಿನ್ ಮೂಲದ್ದೇ?’ ಎಂಬಲ್ಲಿ ‘ಅಲ್ಲ, ಡೀಸೆಲ್ ಕೂಡಿಸೈತಿ’ ಎಂದು ಬರೆದ. ಮಿಕ್ಕ ಎಲ್ಲರೂ ಆ ಜಾಗದಲ್ಲಿ ‘ಹೌದು’ ಎಂದು ಬರೆದಿದ್ದರು. ಹೌದು ಎಂದು ಬರೆದವರ ಗಾಡಿಗಳ ಒಳಗೆ ಏನೇನಿದೆ ಎಂದು, ಅವರವರನ್ನು ಬಿಟ್ಟರೆ, ಲೋಕದಲ್ಲಿ ಇಬ್ಬರಿಗೆ ಗೊತ್ತಿತ್ತು, ಒಬ್ಬ ಅವನು, ಇನ್ನೊಬ್ಬ ನಾನು.

ಸಮಿತಿಯ ಸಭೆ ನಡೆಯಿತು, ನಾನೂ ಇದ್ದೆ. ಒಂದೊಂದೇ ಫಾರ್ಮು ಓದಿದರು. ರಾಜೇಸಾಬನದು ಬಂದಾಗ ಯಾರೋ, ಇದು ಟ್ಯಾಕ್ಸಿ, ಹೆರಿಟೇಜ್ ಅಲ್ಲ ಅಂದರು. ಇಬ್ಬರು ನಕ್ಕರು. ಮೂಲ ಸ್ವರೂಪ ಇರಬೇಕೆಂದು ನಿಯಮವಿದೆ ಅಂದರು ಮತ್ತೊಬ್ಬರು. ಅಧ್ಯಕ್ಷರು ಕೆಟ್ಟವರಲ್ಲ. ಅವರು ಫಾರ್ಮು ಕೆಳಗಿಟ್ಟು ನನ್ನ ಕಡೆ ತಿರುಗಿ ಕೇಳಿದರು: "ನಿಮ್ಮ ಊರಾವ ಅಲ್ಲೇನ್ರಿ ಸರ್? ನೀವೇನಂತೀರಿ?"

ನೋಡಿ, ಯಾರೂ ನನ್ನ ಬಾಯಿ ಕಟ್ಟಿರಲಿಲ್ಲ. ಕೇಳಿದ್ದರು. ಹಾಗಾದರೆ ನಿಮ್ಮ ಗಾಡಿಯ ಪಂಪು ಎಲ್ಲಿಯದು ಸಾಹೇಬರೇ ಅಂತ ಒಂದು ಮಾತು, ಅದೂ ನಗುನಗುತ್ತ ಅಂದಿದ್ದರೆ ಆಗುತ್ತಿತ್ತು. ನೌಕರಿ ಹೋಗುತ್ತಿರಲಿಲ್ಲ. ಹೋಗಬಹುದೆಂದು ನನಗೆ ಅನಿಸಿದ್ದು ಮೈಕು. ಆ ಅಟ್ಟಣಿಗೆ, ಕೊನೆಗೆ ಹೊದಿಸುವ ಶಾಲು, ಮರುದಿನ ಪೇಟೆಯಲ್ಲಿ ‘ಸರ್, ಭಾಳ ಚೊಲೊ ಮಾತಾಡಿದ್ರಿ’ ಅನ್ನುವ ನಾಲ್ಕು ಮಂದಿ. ಇಷ್ಟಕ್ಕೇ. ಗಂಟಲು ಸರಿಮಾಡಿಕೊಂಡೆ.

"ನಿಯಮ ಅಂದಮ್ಯಾಲ ನಿಯಮಾರಿ" ಅಂದೆ.

ರಾಜೇಸಾಬನಿಗೆ ಫೋನಿನಲ್ಲಿ ಬೇರೆ ಕತೆ ಹೇಳಿದೆ. ಸಮಿತಿಯವರು ಭಾರಿ ಬಿಗಿ, ನಾನು ಒಂದು ತಾಸು ವಾದ ಮಾಡಿದೆ, ಮುಂದಿನ ವರ್ಷ ನೋಡೋಣ, ಹೀಗೆ. ಅವನು ಎಲ್ಲ ಕೇಳಿಕೊಂಡು, ಇರಲಿ ಬಿಡು ಅಂದ. ಅಪ್ಪನಿಗೆ ಹೇಳುವುದು ಹೇಗೆ ಅಂತಷ್ಟೇ ವಿಚಾರ, ಅವನು ಗಾಡಿಗೆ ಬಣ್ಣ ಹಚ್ಚಿಸಿ ಕೂತಿದ್ದಾನೆ ಅಂದ.

ಓಟದ ಹಿಂದಿನ ದಿನ ಗಾಡಿಗಳೆಲ್ಲ ಫೋಟೋ ತೆಗೆಸಿಕೊಳ್ಳಲು ಬಾದಾಮಿಗೆ ಹೋಗುವ ರೂಢಿ. ಕೆಂಪು ಬಂಡೆಯ ಮುಂದೆ ಸಾಲಾಗಿ ನಿಲ್ಲುತ್ತವೆ. ಆ ಸಲ ಎರಡು ಗಾಡಿಗಳು ಕೆರೂರಿನ ಆಚೆಗೇ ನಿಂತುಬಿಟ್ಟವು. ಇಳಕಲ್ಲಿಗೆ ಫೋನು ಹೋಯಿತು. ರಾಜೇಸಾಬ ಸ್ಪ್ಯಾನರಿನ ಚೀಲ ಹಿಡಿದು ಬಸ್ಸು ಬದಲಿಸುತ್ತ ಬಂದ. ಬಿಸಿಲಲ್ಲಿ ಮಧ್ಯಾಹ್ನವೆಲ್ಲ ಕೂತು ಎರಡನ್ನೂ ಚಾಲೂ ಮಾಡಿಕೊಟ್ಟ. ನಿನ್ನ ಗಾಡಿ ಬೇಡ ಅಂದ ಮೇಲೂ ಹೇಗೆ ಬಂದಿಯೋ ಅಂತ ನಾನು ಕೇಳಿದ್ದಕ್ಕೆ, ಗಾಡಿ ಏನು ಮಾಡಿದಾವು ಪಾಪ ಅಂದ.

ಓಟದ ದಿನ ಅವನು ಅಪ್ಪನನ್ನು ಕರಕೊಂಡು ಬಂದಿದ್ದ, ಅದೇ ಅಂಬಾಸಿಡರಿನಲ್ಲಿ. ಗಾಡಿಯನ್ನು ಹಿಂದಿನ ಸೆಕ್ಟರಿನ ಸಣ್ಣ ರಸ್ತೆಯಲ್ಲಿ ನಿಲ್ಲಿಸಿ, ನೋಡುವ ಮಂದಿಗೆ ಕಟ್ಟಿದ ಹಗ್ಗದ ಆಚೆ, ಬೇವಿನ ಗಿಡದ ಕೆಳಗೆ ಕಾಕಾನನ್ನು ಕುರ್ಚಿಯಲ್ಲಿ ಕೂರಿಸಿದ್ದ. ಕಾಕಾ ಹಳದಿ ರುಮಾಲು ಸುತ್ತಿದ್ದ. ರಾಜೇಸಾಬ ಹೊಸ ಬಿಳಿ ಅಂಗಿ ಹಾಕಿದ್ದ. ರಿಪೇರಿಗೆ ಬಂದವನ ಅಂಗಿಯಲ್ಲ ಅದು, ನೋಡಲಿಕ್ಕೆ ಬಂದವನ ಅಂಗಿ. ನಾನು ಅಟ್ಟಣಿಗೆಯಿಂದ ಕೈ ಬೀಸಿದೆ. ಇಬ್ಬರೂ ಬೀಸಿದರು.

ಕಡೆಯ ಸುತ್ತಿಗೆ ಅಧ್ಯಕ್ಷರ ಕೆನೆಬಣ್ಣದ ಗಾಡಿ ಬರಬೇಕು, ಬರಲಿಲ್ಲ. ಹೊರಡುವ ಗೆರೆಯ ಮೇಲೆ ಹೊಗೆ ಕಾರುತ್ತ ಕೂತಿತು. ರಿಪೇರಿಯವನಿಗೆ ಹುಡುಕಾಟವಾಯಿತು. ಯಾರೋ ಹಗ್ಗದ ಆಚೆಯಿಂದ ರಾಜೇಸಾಬನನ್ನು ಕೈಹಿಡಿದು ಎಳೆದುತಂದರು. ನಾನು ಮೇಲಿನಿಂದ ಎಲ್ಲ ಕಂಡೆ. ಅವನು ಒಂದು ಸಲ ತನ್ನ ಅಂಗಿ ನೋಡಿಕೊಂಡ. ಆಮೇಲೆ ಡಾಂಬರಿನ ಮೇಲೆ ಅಂಗಾತ ಮಲಗಿ ಗಾಡಿಯ ಅಡಿಗೆ ಸರಿದ. ಕಾಲು ಎರಡೇ ಕಾಣುತ್ತಿದ್ದವು. ಅಷ್ಟು ಹೊತ್ತೂ ನಾನು ಮಂದಿಯನ್ನು ಮಾತಿನಲ್ಲಿ ಹಿಡಿದಿಟ್ಟೆ: ಇಮ್ಮಡಿ ಪುಲಕೇಶಿಯಿಂದ ಸುರುಮಾಡಿ ಚಕ್ರದ ಮಹಿಮೆಯ ತನಕ. ಹದಿನೈದು ಮಿನಿಟಿಗೆ ಎಂಜಿನ್ ಗುರ್ ಅಂದಿತು. ಗಾಡಿ ಓಡಿತು, ಗೆದ್ದಿತು.

ಬಹುಮಾನದ ಹೊತ್ತಿಗೆ ನಾನು ಉಬ್ಬಿಹೋಗಿದ್ದೆ. ಅಧ್ಯಕ್ಷರು ಕಪ್ಪು ಹಿಡಿದು ನಿಂತಿದ್ದರು. ಈ ವಾಹನವನ್ನು ಮೂಲ ಸ್ವರೂಪದಲ್ಲೇ ಕಾಪಾಡಿಕೊಂಡು ಬಂದ ಅವರ ಶ್ರದ್ಧೆ ಎಂದೆ. ಅಷ್ಟಕ್ಕೆ ನಿಲ್ಲಿಸಲಿಲ್ಲ. ರಾಜೇಸಾಬ ಅಟ್ಟಣಿಗೆಯ ಕೆಳಗೇ ನಿಂತಿದ್ದ, ಬಿಳಿ ಅಂಗಿಯ ಬೆನ್ನೆಲ್ಲ ಕರ್ರಗಾಗಿತ್ತು. ಅವನಿಗೂ ಒಂದು ಮಾತು ಸಲ್ಲಬೇಕೆಂದು ನನ್ನ ಮನಸ್ಸಿಗೆ ಬಂತು, ಸುಳ್ಳಲ್ಲ. ಆದರೆ ಮೂಲ ಸ್ವರೂಪ ಅಂದ ಬಾಯಲ್ಲಿ ಗ್ಯಾರೇಜಿನವನ ಹೆಸರು ಹೇಗೆ ತೆಗೆಯುವುದು? ನಾಲಗೆಗೆ ಒಂದು ಚೆಂದದ ದಾರಿ ಸಿಕ್ಕಿತು.

"ತೆರೆಮರೆಯಲ್ಲಿ ದುಡಿದ ಕಾಣದ ಕೈಗಳಿಗೂ ನಮ್ಮ ವಂದನೆಗಳು" ಅಂದೆ.

ದೊಡ್ಡ ಚಪ್ಪಾಳೆ ಬಿತ್ತು. ಶಾಲು ಹೊದಿಸಿದರು.

ಶಾಲಿನ ಸಮೇತ ಬೇವಿನ ಗಿಡದ ಕೆಳಗೆ ಹೋದೆ. ಹಾಗೇ ಮನೆಗೆ ಹೋಗಬಹುದಿತ್ತು. ಕಾಕಾನಿಗೆ ಶಾಲು ತೋರಿಸಬೇಕೆನಿಸಿತು, ನಿಮ್ಮ ಹತ್ತಿರ ಮುಚ್ಚಿಡುವುದೇನು. ಕಾಕಾ ಎರಡೂ ಕೈಯಿಂದ ನನ್ನ ಕೈ ಹಿಡಕೊಂಡ. ಕಣ್ಣಲ್ಲಿ ನೀರು ಬಂದಿತ್ತು.

"ಭಾಳ ಚೊಲೊ ಆತು, ತಮ್ಮಾ" ಅಂದ. "ಅಷ್ಟು ಮಂದಿ ಮುಂದ ನನ್ನ ಮಗನ ಹೆಸರ ತುಗೊಂಡಿ. ನನಗ ಕೇಳಲಿಲ್ಲ ನೋಡು. ಮೈಕಿನ್ಯಾಗ ಗುರು ಏನಂದ ಅಂತ ಇವನ್ನ ಕೇಳಿದೆ. ‘ನನ್ನ ಹೆಸರ ಹೇಳಿದನಪ್ಪಾ, ಇಳಕಲ್ಲ ರಾಜೇಸಾಬ ಅಂತ’ ಅಂದ."

ನಾನು ರಾಜೇಸಾಬನ ಮುಖ ನೋಡಿದೆ. ಅವನು ಚಿಂದಿ ಅರಿವೆಯಲ್ಲಿ ಒಂದೊಂದೇ ಬೆರಳು ಒರೆಸಿಕೊಳ್ಳುತ್ತಿದ್ದ. ಕಾಕಾನನ್ನು ಗಾಡಿಯಲ್ಲಿ ಕೂರಿಸಿ ಬಾಗಿಲು ಹಾಕಿ, ಈ ಕಡೆ ಸುತ್ತಿ ಬಂದ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು. ನಾನು ಏನೋ ಹೇಳಲು ಸುರುಮಾಡಿದೆ, ಅವಸರದಲ್ಲಿ ಆಯಿತು, ಚೀಟಿಯಲ್ಲಿ ಬರೆದಿರಲಿಲ್ಲ ಅಂತ. ಅವನು ನಡುವೆ ತಡೆದ.

"ಅಪ್ಪಗ ಕಿವಿ ಕೇಳೂದಿಲ್ಲಲೇ, ಗುರ್ಯಾ. ನನಗ ಕೇಳತಾವು."

ಅಷ್ಟೇ. ಗಾಡಿ ಹತ್ತಿ ಹೊರಟುಹೋದ. ಕಾಕಾ ಕಿಟಕಿಯಿಂದ ತಿರುವಿನ ತನಕ ಕೈ ಬೀಸುತ್ತಿದ್ದ.

ಆಮೇಲೆ ನಾನು ಫೋನು ಮಾಡಲಿಲ್ಲ. ಮೊದಲ ವಾರ ನಾಚಿಕೆ. ಆಮೇಲೆ, ಇಷ್ಟು ದಿನ ಬಿಟ್ಟು ಈಗೇನು ಮಾಡುವುದೆಂಬ ನಾಚಿಕೆ. ಆಮೇಲೆ ಪರೀಕ್ಷೆ, ಪೇಪರು ತಿದ್ದುವುದು. ಮನಸ್ಸು ನೆವ ಹುಡುಕತೊಡಗಿದರೆ ಮಾಸ್ತರ ನೌಕರಿಯಷ್ಟು ಅನುಕೂಲದ್ದು ಬೇರೆ ಇಲ್ಲ. ಅವನೂ ಮಾಡಲಿಲ್ಲ. ಇಳಕಲ್ಲಿನ ನಮ್ಮ ಮನೆ ಮಾರಿ ವರ್ಷಗಳಾಗಿದ್ದವು, ಅಲ್ಲಿಯ ಸುದ್ದಿ ತರುವವರು ಬೇರೆ ಯಾರೂ ಇರಲಿಲ್ಲ.

ಈ ವರ್ಷದ ಸಭೆ ಸೇರಿದಾಗ ನಾನು ರಾತ್ರಿಯೆಲ್ಲ ತಯಾರಿ ಮಾಡಿಕೊಂಡು ಹೋಗಿದ್ದೆ. ಎದ್ದುನಿಂತು ಹೇಳಿಯೇಬಿಟ್ಟೆ: ಇಲ್ಲಿ ಓಡುವ ಯಾವ ಗಾಡಿಯೂ ಮೂಲದ್ದಲ್ಲ, ಎಲ್ಲದರ ಒಳಗೂ ರಾಜೇಸಾಬ ಮಾಡಿದ ಸಾಮಾನಿದೆ, ಅವನ ಗಾಡಿಯನ್ನು ಬಿಡುವುದು ಅನ್ಯಾಯ. ಮೈಕು ಹೋಯಿತು ಅಂದುಕೊಂಡೇ ಮಾತಾಡಿದೆ. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು. ಹೌದಲ್ಲ, ನನ್ನ ಗಾಡಿಯ ಪಂಪೇ ಟ್ರ್ಯಾಕ್ಟರಿನದು ಎಂದು ತಾವೇ ನಕ್ಕರು. ಟ್ಯಾಕ್ಸಿಗಳಿಗೂ ಒಂದು ಸುತ್ತು ಇಡೋಣ, ನಿಯಮ ತಿದ್ದಿ ಅಂದರು. ಎರಡು ಮಿನಿಟೂ ಹಿಡಿಯಲಿಲ್ಲ. ಚಹಾ ಬಂತು. ಹೊರಡುವಾಗ ನನ್ನ ಹೆಗಲ ಮೇಲೆ ಕೈಯಿಟ್ಟು ಅವರು ಅಂದ ಮಾತು ಇನ್ನೂ ಚುಚ್ಚುತ್ತದೆ: "ಇದನ್ನ ಹೋದ ವರ್ಷನ ಹೇಳಬೇಕಿತ್ತಲ್ರಿ ಸರ್."

ಮರುದಿನ ರವಿವಾರ. ಫಾರ್ಮು ತೆಗೆದುಕೊಂಡು ಇಳಕಲ್ಲಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ವಾಕ್ಯ ಕಟ್ಟಿದೆ, ಒಡೆದೆ, ಮತ್ತೆ ಕಟ್ಟಿದೆ. ಗ್ಯಾರೇಜು ತೆರೆದಿತ್ತು. ರಾಜೇಸಾಬ ಲೇತಿನ ಮುಂದೆ ಬಗ್ಗಿದ್ದ. ನನ್ನನ್ನು ಕಂಡು ಮಶೀನು ಬಂದ್ ಮಾಡಿ, ಒಂದು ಪ್ಲಾಸ್ಟಿಕ್ ಕುರ್ಚಿ ತಂದು, ಅರಿವೆಯಿಂದ ಝಾಡಿಸಿ ಇಟ್ಟ.

"ಬರ್ರಿ ಸರ್. ಕುಂದರ್ರಿ" ಅಂದ.

ನನ್ನ ಹಿಂದೆ ಯಾರೋ ಬಂದಿದ್ದಾರೆಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ.

ಕೂತೆ. ಕಟ್ಟಿದ ವಾಕ್ಯಗಳಲ್ಲಿ ಒಂದೂ ಹೊರಗೆ ಬರಲಿಲ್ಲ. ಫಾರ್ಮು ಚಾಚಿದೆ. ಅವನು ಕೈ ಒರೆಸಿಕೊಂಡು, ಮೇಲಿನಿಂದ ಕೆಳಗಿನ ತನಕ ಓದಿ, ಮಡಚಿ ವಾಪಸ್ಸು ಕೊಟ್ಟ.

"ಬ್ಯಾಡ್ರಿ ಸರ್. ಈಗ ಯಾರಿಗೆ."

ಕಾಕಾನಿಗೆ ಒಂದು ಸುತ್ತು ಹಾಕಿಸೋಣ ಅಂತ ತಂದೆ ಅಂದೆ.

"ಅಪ್ಪ ಹೋಗಿ ಐದು ತಿಂಗಳಾತ್ರಿ."

ಗೋಡೆಗೆ ಗೋಡೆ ಕೂಡಿದ ಮನೆಯ ಮನುಷ್ಯ. "ನನಗ ಒಂದು ಮಾತ ಹೇಳಲಿಲ್ಲಲ್ಲೋ, ರಾಜಾ" ಅಂದೆ.

"ತಮಗ ಪರೀಕ್ಷಾದ ಗದ್ದಲ ಇರತೈತಿ. ತ್ರಾಸ ಯಾಕ ಕೊಡೂದು ಅಂತ ಬಿಟ್ಟೆರಿ" ಅಂದ. ಆ ಮಾತಿನಲ್ಲಿ ಚುಚ್ಚುವ ಧಾಟಿ ಇರಲಿಲ್ಲ. ದೂರದ ಗಿರಾಕಿಗೆ ಹೇಳುವ ಹಾಗೆ, ಮರ್ಯಾದೆಯಿಂದ ಹೇಳಿದ.

ಎದುರಿನ ಹೋಟೆಲಿನಿಂದ ಚಹಾ ತರಿಸಿದ. ತನಗೆ ಗ್ಲಾಸು, ನನಗೆ ಕಪ್ಪುಬಶಿ. ಕಾಕಾನಿಗೆ ಎರಡು ದಿನ ಜ್ವರ ಬಂದಿದ್ದು, ಹೆಚ್ಚು ನರಳಲಿಲ್ಲ ಅನ್ನುವುದು, ಹೀಗೆ ನಾನು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ. ಅಂಬಾಸಿಡರು ಅಂಗಳದಲ್ಲೇ ಇದೆ ಎಂದ. ಕೊನೆಗೆ, ಕೇಳದೇನೇ, ಲೇತಿನ ಕಡೆ ನೋಡುತ್ತ ಒಂದು ಮಾತು ಹೇಳಿದ.

"ನೋಡಾಕ ಬಂದವರಿಗೆಲ್ಲ ಅಪ್ಪ ಅದನ್ನ ಹೇಳತಿದ್ದರ್ರಿ. ಬಾಗಲಕೋಟ್ಯಾಗ, ಸಾವಿರ ಮಂದಿ ಮುಂದ, ನಮ್ಮ ಗುರು ನನ್ನ ಮಗನ ಹೆಸರ ತುಗೊಂಡ ಅಂತ. ಹೋಗೂ ದಿನದ ಮುಂಜಾನಿನೂ ಹೇಳಿದರು. ಮಗ್ಗಲದಾಗ ಕುಂತು ನಾನೂ ಹೂಂ ಅಂದೆ."

ಅವನು ಎದ್ದು ಮಶೀನಿನ ಗುಂಡಿಯ ಮೇಲೆ ಕೈಯಿಟ್ಟು, ನನ್ನ ಕಪ್ಪಿನ ಕಡೆ ನೋಡಿ ನಿಂತ.

"ಚಹಾ ಆರತೈತಿ. ಕುಡೀರಿ ಸರ್" ಅಂದ.

ಕುಡಿದೆ.